ಮೊಂತಿ ಹಬ್ಬದ ಮೊದಲ ಪಾಲು

ಸೆಪ್ಟೆಂಬರ್ 8 ಮಾತೆ ಮರಿಯಮ್ಮನ ಹುಟ್ಟುಹಬ್ಬ. ಮಂಗಳೂರು ಕಡೆಯ ನಮ್ಮ ಮನೆಗಳಲ್ಲಿ ಅದೇ ಮೊಂತಿ ಫೆಸ್ತ್, ಹೊಸ ತೆನೆಯ ಹಬ್ಬ. ಒಂಬತ್ತು ದಿನ ಮಕ್ಕಳು ಬಾಲಮರಿಯಳಿಗೆ ಹೂ ಹಾಕುತ್ತಾರೆ, ಹಬ್ಬದ ದಿನ ಕಬ್ಬು ಹಿಡಿದು ಮನೆಗೆ ಬರುತ್ತಾರೆ.

ನನಗೆ ಮಾತ್ರ ಈ ಹಬ್ಬ ಅಂದರೆ ಅಜ್ಜಿಯ ಹೆಬ್ಬೆರಳಿನ ಉಗುರು. ಫಾದರ್ ಆಶೀರ್ವದಿಸಿ ಕೊಟ್ಟ ತೆನೆಯಿಂದ ಒಂದೊಂದೇ ಭತ್ತ ಬಿಡಿಸಿ ಸುಲಿಯುತ್ತಿದ್ದರು. ಸಿಪ್ಪೆಯ ಚೂರೂ ಉಳಿಯಬಾರದು. ಎಳೆಕಾಳಿನ ಆ ಹಸಿ ಹಾಲಿನ ವಾಸನೆ ಸಂಜೆವರೆಗೂ ಅವರ ಕೈಯಲ್ಲಿರುತ್ತಿತ್ತು. ಅರೆದು ತೆಂಗಿನ ಹಾಲು, ಬೆಲ್ಲ ಬೆರೆಸಿದ ಮೇಲೆ ನಾವು ಮಕ್ಕಳು ಕೈ ಚಾಚುತ್ತಿದ್ದೆವು. ಅಜ್ಜಿ ಮಾತ್ರ ಒಂದು ಲೋಟ ತುಂಬಿ ಲಕ್ವ ಹೊಡೆದು ಮಲಗಿದ್ದ ನೆರೆಮನೆಯವರಿಗೆ ಮೊದಲು ಕಳಿಸುತ್ತಿದ್ದರು. "ಹಾಸಿಗೆ ಹಿಡಿದವರಿಗೆ ಕೊಡದೆ ನಾವು ಬಾಯಿಗೆ ಹಾಕಿದ್ರೆ ಹೇಗೆ ಮಗಾ?" ಮುಂಬೈ, ಗಲ್ಫ್‌ನಲ್ಲಿದ್ದವರಿಗೆ ಕಾಳುಗಳನ್ನು ಅಂಚೆ ಕವರಿನಲ್ಲಿ ಕಳಿಸುತ್ತಿದ್ದರು.

2020ರಲ್ಲಿ ನಮ್ಮ ಚರ್ಚಿನಲ್ಲಿ ಮಕ್ಕಳ ಸಾಲೇ ಇರಲಿಲ್ಲ. ಪಕ್ಕದ ಮನೆಗೆ ಕೊರೊನಾ ಬಂದಿದೆ ಎಂದು ಕಿಟಕಿ ಮುಚ್ಚಿದವರಿದ್ದರು. ಹೆದರಿಕೆ, ಯಾರನ್ನೂ ದೂರುವುದಿಲ್ಲ. ಆದರೆ ಅದೇ ಹೊತ್ತಿಗೆ ನಮ್ಮ ಕೆಲವು ಹುಡುಗರು ಪಿಪಿಇ ಕಿಟ್ ಹಾಕಿಕೊಂಡು ಹೆಣ ಮಣ್ಣು ಮಾಡಲು ಹೋದರು. ಒಬ್ಬನ ಕನ್ನಡಕ ಬೆವರಿಗೆ ಪೂರ್ತಿ ಮಸುಕಾಗಿತ್ತು. ಒರೆಸಿಕೊಳ್ಳುವ ಹಾಗೂ ಇಲ್ಲ. ಹಾಗೇ ಹಗ್ಗ ಹಿಡಿದು ಪೆಟ್ಟಿಗೆ ಇಳಿಸಿದ. ಸತ್ತವರು ಅವನ ನೆಂಟರಲ್ಲ, ಹೆಸರು ಗೊತ್ತಾದದ್ದೂ ಅವತ್ತೇ.

ಅವನನ್ನು ನೋಡಿ ನನಗೆ ಫಾದರ್ ಮುಲ್ಲರ್ ನೆನಪಾದರು. ಜರ್ಮನಿಯಿಂದ ಬಂದ ಈ ಜೆಸ್ವಿಟ್ (ಯೇಸುಸಭೆಯ) ಪಾದ್ರಿ 1880ರಲ್ಲಿ ಮಂಗಳೂರಿನ ಕಂಕನಾಡಿಯ ಆಲದ ಮರದಡಿ ಕೂತು ಬಡವರಿಗೆ ಹೋಮಿಯೋಪಥಿ ಔಷಧ ಕೊಡತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕೊಟ್ಟರು, ಮನೆಯವರೇ ಅವರನ್ನು ಹೊರಗಟ್ಟುತ್ತಿದ್ದ ಕಾಲವದು. ಪ್ಲೇಗ್ ರೋಗಿಗಳಿಗೆಂದು 1902ರಲ್ಲಿ ಬೇರೆಯೇ ಆಸ್ಪತ್ರೆ ಕಟ್ಟಿಸಿದರು. ಅವರ ಹೆಸರಿನ ಇಂದಿನ ದೊಡ್ಡ ಆಸ್ಪತ್ರೆ ನೋಡುವವರಿಗೆ ಆ ಆಲದ ಮರ ಎಲ್ಲಿ ನೆನಪಿಗೆ ಬರಬೇಕು, ಅಲ್ವಾ?

ಈಗ ಹಬ್ಬದ ತರಕಾರಿ ಊಟ ಕೇಟರಿಂಗ್‌ನವರಿಂದ ಬರುತ್ತದೆ, ಬಾಳೆಲೆಯ ಫೋಟೊ ಸ್ಟೇಟಸ್‌ಗೆ ಹೋಗುತ್ತದೆ. ಮಕ್ಕಳು ವಿದೇಶದಲ್ಲಿರುವ ಎಷ್ಟೋ ಹಿರಿಯರು ನಮ್ಮ ಬಿಲ್ಡಿಂಗುಗಳಲ್ಲೇ ಒಬ್ಬರೇ ಕೂತು ಉಣ್ಣುತ್ತಾರೆ. ಇದು ಮನಸ್ಸಿಗೆ ಜಾಸ್ತಿ ನೋವು ಕೊಡುತ್ತದೆ.

ಯೇಸು ಹೇಳಿದ ಸಮಾರ್ಯದವನ ಕಥೆಯಲ್ಲಿ ಅವನು, ಕಳ್ಳರಿಂದ ಪೆಟ್ಟು ತಿಂದು ದಾರಿಯಲ್ಲಿ ಬಿದ್ದಿದ್ದ ಅಪರಿಚಿತನ ಗಾಯಕ್ಕೆ ಎಣ್ಣೆ ಹಚ್ಚಿ ಅಲ್ಲಿಗೇ ಬಿಡಲಿಲ್ಲ. ಛತ್ರಕ್ಕೆ ಕರೆದೊಯ್ದು ದುಡ್ಡು ಕೊಟ್ಟ, ಜಾಸ್ತಿ ಖರ್ಚಾದರೆ ವಾಪಸ್ ಬರುವಾಗ ಕೊಡುತ್ತೇನೆ ಅಂದ. ನಮ್ಮ ಹುಡುಗರೂ ಹಾಗೇ, ಕೊರೊನಾ ಮುಗಿಯಿತೆಂದು ಮನೆಗೆ ಹೋಗಿಬಿಡಲಿಲ್ಲ. ಡಯಾಲಿಸಿಸ್ ಇರುವವರನ್ನು ಈಗ ಸರದಿ ಮೇಲೆ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಯಾವ ಜಾತಿ, ಯಾವ ಚರ್ಚು ಎಂದು ಕೇಳುವುದಿಲ್ಲ. ಮರಿಯಮ್ಮ ಅವರನ್ನು ಕಾಯಲಿ. ಬೆಳಿಗ್ಗೆ ಆರಕ್ಕೆ ಕಾರು ತರುವವರು ಇನ್ನೂ ಒಂದಿಬ್ಬರು ಬೇಕಂತೆ.