ಲಾಲೊಮಾನು: ಹೊರಡುವ ಮೊದಲು ವಾರ ನೋಡಿ

ಪೆಸಿಫಿಕ್ ಸಾಗರದ ದ್ವೀಪದೇಶ ಸಮೋವಾದ ಉಪೊಲು ದ್ವೀಪದ ಆಗ್ನೇಯ ತುದಿಯ ಕಡಲೂರು ಲಾಲೊಮಾನು. ಅಲ್ಲಿಗೆ ಶನಿವಾರ ಮಧ್ಯಾಹ್ನದೊಳಗೆ ಮುಟ್ಟಿಬಿಡಿ, ಇಲ್ಲವೇ ಸೋಮವಾರ ಹೋಗಿ. ಭಾನುವಾರ ಬಸ್ಸಿಲ್ಲ, ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ, ಊರಿಗೆ ಊರೇ ಚರ್ಚಿನಲ್ಲಿರುತ್ತದೆ.

ಭಾರತದ ಪಾಸ್‌ಪೋರ್ಟಿನವರು ಫಿಜಿಯ ನಾಡಿ ನಗರದ ಮೂಲಕ ಹೋಗುವುದೇ ಸಲೀಸು. ಅಲ್ಲಿ ವೀಸಾ ಗೋಜಿಲ್ಲ. ನ್ಯೂಜಿಲೆಂಡಿನ ಆಕ್ಲೆಂಡ್ ಮೂಲಕವಾದರೆ ವಿಮಾನ ಬದಲಿಸುವುದಕ್ಕೂ ಟ್ರಾನ್ಸಿಟ್ ವೀಸಾ ಬೇಕು. ಸಮೋವಾದಲ್ಲಿ ಇಳಿದ ಮೇಲೆ ಪ್ರವೇಶ ಪರವಾನಗಿ ಕೊಡುತ್ತಾರೆ, ಮರಳುವ ಟಿಕೆಟ್ ಕೈಯಲ್ಲಿರಲಿ. ಉಪ್ಪಿನಕಾಯಿ, ಚಟ್ನಿಪುಡಿ ಒಯ್ದಿದ್ದರೆ ಫಾರಂನಲ್ಲಿ ಬರೆದು ತೋರಿಸಿ, ಮುಚ್ಚಿಡಬೇಡಿ.

ಫಲೆಓಲೊ ವಿಮಾನ ನಿಲ್ದಾಣ ದ್ವೀಪದ ಪಶ್ಚಿಮಕ್ಕಿದೆ, ಊರು ಪೂರ್ವಕ್ಕೆ. ನಡುವೆ ರಾಜಧಾನಿ ಅಪಿಯಾದಲ್ಲಿ ಅಲ್ಲಿನ ಹಣ ತಾಲಾವನ್ನು ನಗದಾಗಿ ತೆಗೆದುಕೊಳ್ಳಿ. ಬಸ್ಸಿನಲ್ಲಿ ಸೀಟು ತುಂಬಿದರೆ ಒಬ್ಬರ ತೊಡೆಯ ಮೇಲೆ ಇನ್ನೊಬ್ಬರು ಕೂರುವುದು ಅಲ್ಲಿನ ರೂಢಿ, ಮುಜುಗರ ಬೇಡ. ಕಾರು ಬಾಡಿಗೆಗೆ ಪಡೆದರೆ ಸ್ಥಳೀಯ ತಾತ್ಕಾಲಿಕ ಲೈಸೆನ್ಸ್ ಮಾಡಿಸಬೇಕು. 2009ರಿಂದ ಅಲ್ಲೂ ನಮ್ಮಂತೆ ಎಡಗಡೆ ಸಂಚಾರ.

ತಂಗುವುದು ಫಾಲೆಯಲ್ಲಿ: ಗೋಡೆಯಿಲ್ಲದ ಗುಡಿಸಲು, ಇಳಿಬಿಟ್ಟ ತೆಂಗಿನಗರಿಯ ತಟ್ಟಿ, ಹಾಸಿಗೆ, ಸೊಳ್ಳೆಪರದೆ. ಬಾಡಿಗೆಯಲ್ಲಿ ಸಾಮಾನ್ಯವಾಗಿ ತಿಂಡಿ, ರಾತ್ರಿಯೂಟ ಸೇರಿರುತ್ತದೆ. ಸಸ್ಯಾಹಾರ ಬೇಕಿದ್ದರೆ ಬುಕ್ ಮಾಡುವಾಗಲೇ ಹೇಳಿ. ಮೀನಿಲ್ಲ, ಕೋಳಿಯಿಲ್ಲ ಎಂದು ಬಿಡಿಸಿಯೇ ಹೇಳಬೇಕು. ಕೆಸುವಿನ ಗೆಡ್ಡೆ, ಜೀಗುಜ್ಜೆ, ಬಾಳೆಕಾಯಿ ಧಾರಾಳ. ಕೆಸುವಿನ ಎಲೆಯಲ್ಲಿ ತೆಂಗಿನಹಾಲು, ಈರುಳ್ಳಿ ಕಟ್ಟಿ ಬಿಸಿಕಲ್ಲಿನ ಒಲೆಯಲ್ಲಿ ಬೇಯಿಸುವ ಪಾಲುಸಾಮಿ ಬಿಡಬೇಡಿ. ಆದರೆ ಕೆಲವರು ಅದಕ್ಕೆ ಡಬ್ಬಿಯ ದನದ ಮಾಂಸ ಸೇರಿಸುತ್ತಾರೆ, ಕೇಳಿ ತಿನ್ನಿ. ಎಲೆ ಅರೆಬೆಂದಿದ್ದರೆ ಗಂಟಲು ಕೆರೆಯುವುದು ಪತ್ರೊಡೆ ಮಾಡುವವರಿಗೆ ಗೊತ್ತೇ ಇದೆ.

ಕಡಲತೀರ ಊರವರದ್ದು, ದಿನದ ಮಟ್ಟಿಗೆ ಬಂದವರು ಶುಲ್ಕ ಕೊಡಬೇಕು. ಈಜುಡುಗೆಯಲ್ಲಿ ಊರೊಳಗೆ ತಿರುಗಬೇಡಿ, ಲುಂಗಿಯಂಥ ಲಾವಾಲಾವಾ ಸುತ್ತಿಕೊಳ್ಳಿ. ಮುಸ್ಸಂಜೆ ಗಂಟೆ ಅಥವಾ ಶಂಖ ಕೇಳಿದರೆ ಪ್ರಾರ್ಥನೆಯ ಹೊತ್ತು. ಮುಗಿಯುವವರೆಗೆ ಇದ್ದಲ್ಲೇ ನಿಲ್ಲಿ.

ಉಬ್ಬರದಲ್ಲಿ ಈಜಿ. ಇಳಿತದಲ್ಲಿ ಹವಳಕ್ಕೆ ಕಾಲು ತರಚುತ್ತದೆ, ಹವಳದ ದಿಬ್ಬದ ನಡುವಿನ ಕಂಡಿಯಲ್ಲಿ ನೀರು ಕಡಲಿನತ್ತ ಸೆಳೆಯುತ್ತದೆ.

2009ರ ಸೆಪ್ಟೆಂಬರ್ 29ರ ಸುನಾಮಿ ಈ ತೀರವನ್ನು ಕೊಚ್ಚಿಹಾಕಿತ್ತು. ಹೋದ ದಿನವೇ ಗುಡ್ಡ ಹತ್ತುವ ದಾರಿ ನೋಡಿಟ್ಟುಕೊಳ್ಳಿ. ನೆಲ ಬಹಳ ಹೊತ್ತು ನಡುಗಿದರೆ ಸೈರನ್‌ಗೆ ಕಾಯದೆ ಹತ್ತಿಬಿಡಿ. ರಾತ್ರಿ ದಿಂಬಿನ ಪಕ್ಕ ಟಾರ್ಚು, ಚಪ್ಪಲಿ ಇರಲಿ.

ಮರಳುವ ವಿಮಾನ ಭಾನುವಾರವಿದ್ದರೆ ಟ್ಯಾಕ್ಸಿಯನ್ನು ಶುಕ್ರವಾರವೇ ಗೊತ್ತುಮಾಡಿ.