ಯಾವ ಇಲಾಖೆಗೂ ಬೇಡವಾಗಿದ್ದ ಜಾಗ

ನಗರಪಾಲಿಕೆ ಆಸ್ತಿ ವಿಭಾಗಕ್ಕೆ ಸೇರಿದ ಹೊಸದರಲ್ಲಿ ನನ್ನ ಟೇಬಲಿಗೆ ಒಂದು ಫೈಲ್ ಬಂತು. ಎರಡು ಸೈಟಿನ ಮಧ್ಯೆ ಪಟ್ಟಿ ಥರ ಉದ್ದಕ್ಕಿರೋ ಖಾಲಿ ಜಾಗ, ಪಕ್ಕದ ಮಾಲೀಕರು ನಮಗೆ ಕೊಡಿ ಅಂತ ಅರ್ಜಿ ಹಾಕಿದ್ರು, ಎಲ್ಲ ಇಲಾಖೆಗೂ ಪತ್ರ ಹೋಗಿತ್ತು, ಗಡುವು ಮುಗಿದ್ರೂ ಒಂದಿಬ್ಬರದ್ದು ಉತ್ತರ ಬಂದಿರ್ಲಿಲ್ಲ, ಉತ್ತರ ಇಲ್ಲ ಅಂದ್ರೆ ಆಕ್ಷೇಪಣೆ ಇಲ್ಲ ಅಂತ ಹಿಡಿದು ನಾನು ‘ಹೆಚ್ಚುವರಿ ಜಾಗ, ವಿಲೇವಾರಿ ಮಾಡಬಹುದು’ ಅಂತ ಟಿಪ್ಪಣಿ ಬರೆದು ಮೇಲಕ್ಕೆ ಕಳಿಸ್ಬಿಟ್ಟೆ. ನಮ್ಮ ಮೇಡಂ ಅದನ್ನ ಓದಿ ಒಂದೇ ಮಾತು ಕೇಳಿದ್ರು, “ಜಾಗ ನೋಡ್ಕೊಂಡು ಬಂದ್ರಾ?”

ನೋಡಿರ್ಲಿಲ್ಲ.

ಮಾರನೇ ದಿನ ಬೆಳಿಗ್ಗೆ ಸರ್ವೆಯರ್ ಜೊತೆ ಹೋದೆ. ಮೊಣಕಾಲೆತ್ತರ ಹುಲ್ಲು, ಆದ್ರೆ ಮಧ್ಯದಲ್ಲಿ ಒಂದಡಿ ಅಗಲದ ಕಾಲುದಾರಿ, ಹುಲ್ಲೇ ಹುಟ್ಟದ ಹಾಗೆ ಮಣ್ಣು ಗಟ್ಟಿಯಾಗಿತ್ತು, ನಾವು ನಿಂತಿದ್ದ ಅರ್ಧ ಗಂಟೇಲೇ ಬ್ಯಾಗ್ ಹಾಕ್ಕೊಂಡ ಮಕ್ಕಳು, ಕೋಲೂರಿಕೊಂಡು ಒಬ್ಬರು ಅಜ್ಜಿ, ಹತ್ತಾರು ಜನ ಅದರಲ್ಲೇ ದಾಟಿದ್ರು. ಅಷ್ಟರಲ್ಲಿ ಸರ್ವೆಯರ್ “ಸಾರ್ ಇಲ್ಲಿ ಬನ್ನಿ” ಅಂತ ಕರೆದು ಹುಲ್ಲು ಸರಿಸಿ ತೋರಿಸಿದ್ರು, ತುಕ್ಕು ಹಿಡಿದ ಮ್ಯಾನ್‌ಹೋಲ್ ಮುಚ್ಚಳ. ಕಿವಿಗೊಟ್ರೆ ಒಳಗೆ ನೀರು ಹರಿಯೋ ಸದ್ದು. ಸುತ್ತಲಿನ ಬಡಾವಣೆಯ ಒಳಚರಂಡಿಯ ಮೇನ್ ಲೈನು ಅದರ ಕೆಳಗೇ ಹೋಗಿತ್ತು, ಫೈಲಿನಲ್ಲಿದ್ದ ನಕ್ಷೆಯಲ್ಲಿ ಅದರ ಗುರುತೂ ಇರ್ಲಿಲ್ಲ. ಮಾರಿದ್ದಿದ್ರೆ ಅದರ ಮೇಲೆ ಪಾಯ ಬಿದ್ದಿರೋದು, ಲೈನ್ ಕಟ್ಟಿಕೊಂಡಾಗ ಪಾಲಿಕೆನೇ ಹೋಗಿ ಮಾಲೀಕರ ಗೇಟ್ ತಟ್ಟಬೇಕಿತ್ತು.

ಅವತ್ತು ನನಗೆ ಅರ್ಥ ಆಗಿದ್ದು, ‘ಹೆಚ್ಚುವರಿ’ ಅನ್ನೋದು ಜಾಗದ ಗುಣ ಅಲ್ಲ, ಯಾರೋ ಕೂತು ತಗೊಳ್ಳೋ ತೀರ್ಮಾನ. ಅದಕ್ಕೇ ಅಮೆರಿಕದ ಕ್ಯಾಲಿಫೋರ್ನಿಯಾ ಕಾನೂನಲ್ಲಿ ಸಾಮಾನ್ಯವಾಗಿ ಒಂದು ಜಾಗ ಹೆಚ್ಚುವರಿ ಅಂತ ಸ್ಥಳೀಯ ಸಂಸ್ಥೆಯ ಆಡಳಿತ ಮಂಡಳಿ ಸಾರ್ವಜನಿಕ ಸಭೆಯಲ್ಲಿ, ಕಾರಣ ಬರವಣಿಗೆಯಲ್ಲಿ ಕೊಟ್ಟು ಘೋಷಿಸಬೇಕು, ಆಮೇಲೆ ಕೈಗೆಟಕೋ ಬೆಲೆಯ ಮನೆ ಕಟ್ಟೋರಿಗೆ, ಪಾರ್ಕ್, ಶಾಲೆಗಳಿಗೆ ಮೊದಲು ನೋಟಿಸ್ ಕೊಟ್ಟು ಆಸಕ್ತಿ ತಿಳಿಸೋಕೆ 60 ದಿನ ಕಾಯ್ಬೇಕು. ಇಂಗ್ಲೆಂಡಲ್ಲಿ ಜನ ಓಡಾಡೋ ಬಯಲು ಜಾಗ ಕೊಡೋದಾದ್ರೆ ಸತತ ಎರಡು ವಾರ ಸ್ಥಳೀಯ ಪತ್ರಿಕೆಯಲ್ಲಿ ಪ್ರಕಟಣೆ ಹಾಕಿ ಬಂದ ಆಕ್ಷೇಪಣೆ ಪರಿಶೀಲಿಸ್ಲೇಬೇಕು. ತಡ ಆಗತ್ತೆ ಅಂತ ಗೊಣಗೋರು ಇರ್ತಾರೆ, ಆದ್ರೆ ಕಾಲುದಾರಿಯಲ್ಲಿ ನಡೆಯೋರಿಗೆ ನಮ್ಮ ಫೈಲ್ ಕಾಣಲ್ಲ, ಪ್ರಕಟಣೆ ಒಂದೇ ಕಾಣೋದು.

ಈಗ ನಾನು ಮೊದಲು ಕೇಳೋದು ಈ ಜಾಗ ನಮ್ಮ ಕೈಗೆ ಹೇಗೆ ಬಂತು ಅಂತ. ಪಾರ್ಕಿಗೆ ಅಂತ ಯಾರೋ ದಾನ ಕೊಟ್ಟಿದ್ದಾ, ಶಾಲೆಗೆ ಅಂತ ವಶಪಡಿಸಿಕೊಂಡಿದ್ದಾ, ಹಳೇ ಪತ್ರದ ಒಂದು ಷರತ್ತು ಇಡೀ ಹರಾಜನ್ನ ಕೋರ್ಟಿಗೆ ಎಳೆದುಬಿಡತ್ತೆ. ಆಮೇಲೆ ಕೆಳಗೇನಿದೆ, ಮೇಲೆ ಯಾರು ಓಡಾಡ್ತಾರೆ, ಮುಂದೆ ಪಂಪ್‌ಹೌಸಿಗೋ ಆಸ್ಪತ್ರೆಗೋ ಬೇಕಾಗತ್ತಾ. ದರದ ಮಾತು ಇಷ್ಟೆಲ್ಲ ಆದ್ಮೇಲೆ.

ದರದಲ್ಲೂ ನಾನು ಎಡವಿದ್ದೆ. ಪಟ್ಟಿ ಜಾಗಕ್ಕೆ ಬೇರೆ ಯಾರೂ ಗಿರಾಕಿ ಇಲ್ಲ, ಮನೆ ಕಟ್ಟೋಷ್ಟು ಅಗಲ ಇಲ್ಲ ಅಂತ ತೀರಾ ಕಡಿಮೆ ಬೆಲೆ ಹಾಕಿದ್ದೆ, ಮೇಡಂ ನಕ್ಷೆ ಎದುರಿಗಿಟ್ಟು ತೋರಿಸಿದ್ರು, ಅರ್ಜಿದಾರರ ಸೈಟಿಗೆ ಆ ಕಡೆ ರಸ್ತೆನೇ ಇರ್ಲಿಲ್ಲ, ಪಟ್ಟಿ ಸಿಕ್ರೆ ದೊಡ್ಡ ರಸ್ತೆಗೆ ಮುಖ ಬರತ್ತೆ. ಹಾಗಾಗಿ ಪಟ್ಟಿಯ ಬೆಲೆ ಒಂದೇ ನೋಡಿದ್ರೆ ಆಗಲ್ಲ, ಅದು ಸೇರಿದ್ಮೇಲೆ ಪಕ್ಕದ ಸೈಟಿನ ಬೆಲೆ ಎಷ್ಟು ಏರತ್ತೆ ಅಂತ ನೋಡ್ಬೇಕು. ಇಂಗ್ಲೆಂಡಿನ 1972ರ ಸ್ಥಳೀಯ ಸರ್ಕಾರ ಕಾಯ್ದೆ ಜಾಗಕ್ಕೆ ಸಿಗಬಹುದಾದಷ್ಟು ಒಳ್ಳೇ ಬೆಲೆನೇ ಪಡೀಬೇಕು ಅನ್ನತ್ತೆ, 2003ರಿಂದ ಜನರ ಒಳಿತಿಗಾದ್ರೆ ಒಂದು ಮಿತಿವರೆಗೆ ಕಡಿಮೆಗೂ ಕೊಡಬಹುದು. ಬಡವರ ಮನೆಗೆ ಕಡಿಮೆಗೆ ಕೊಡೋದು ನನ್ನ ಪ್ರಕಾರ ಸರಿನೇ, ಆದ್ರೆ ಎಷ್ಟು ಬಿಟ್ಟುಕೊಟ್ವಿ ಅನ್ನೋ ಅಂಕಿ ಫೈಲಿನಲ್ಲಿ ಇರ್ಲೇಬೇಕು.

ಮಾರೋದೇ ದಾರಿ ಅಂತಲೂ ಇಲ್ಲ. ಆಮ್‌ಸ್ಟರ್‌ಡ್ಯಾಮ್ 1896ರಿಂದ ನೆಲದ ಒಡೆತನ ತಾನೇ ಇಟ್ಕೊಂಡು ಗುತ್ತಿಗೆಗೆ ಕೊಡ್ತಾ ಬಂದಿದೆ, ಸಿಂಗಾಪುರದಲ್ಲಿ ವಸತಿ ಜಾಗ ಸಾಮಾನ್ಯವಾಗಿ 99 ವರ್ಷದ ಲೀಸಿಗೆ ಹೋಗತ್ತೆ.

ನಮ್ಮ ಪಟ್ಟಿಯಲ್ಲಿ ಲೈನೂ ದಾರಿಯೂ ಉಳೀತು, ಪೈಪ್ ಇಲ್ಲದ ಒಂದು ತುದಿ ಮಾತ್ರ ಕಟ್ಟಡ ಕಟ್ಟಬಾರದು ಅನ್ನೋ ಷರತ್ತಿನ ಮೇಲೆ ಲೀಸಿಗೆ ಹೋಯ್ತು. ಒಳಚರಂಡಿ ವಿಭಾಗಕ್ಕೆ ಕಳಿಸಿದ್ದ ಪತ್ರ ಆಮೇಲೆ ಸಿಕ್ತು, ಬೇರೆ ಸೆಕ್ಷನ್ನಿನ ಟ್ರೇಯಲ್ಲಿ, ಕವರ್ ಕೂಡ ಒಡೆದಿರ್ಲಿಲ್ಲ.