ಅಮ್ಮಮ್ಮನೊಂದಿಗೆ ಜೋಗ ಮತ್ತು ಹಿನ್ನೀರು

ಜೋಗಕ್ಕೆ ಹೋಗಿಬಂದವರಲ್ಲಿ ಹೆಚ್ಚಿನವರು ಕಂಡಿರುವುದು ಬೀಳುವ ನೀರನ್ನು. ಆ ನೀರನ್ನು ತಡೆದು ನಿಲ್ಲಿಸಿರುವ ಲಿಂಗನಮಕ್ಕಿ ಅಣೆಕಟ್ಟು ಅಲ್ಲಿಂದ ಸುಮಾರು 6 ಕಿಲೋಮೀಟರ್ ಮೇಲಿದೆ; ಅದರ ಹಿನ್ನೀರು ಕಾಡುಗುಡ್ಡಗಳ ನಡುವೆ ಇನ್ನೂ ಬಹುದೂರ ಹರಡಿಕೊಂಡಿದೆ. ನಮ್ಮ ಮನೆಯವರಿಗೆ ಮಾತ್ರ ಇವೆರಡನ್ನೂ ಬೇರೆಬೇರೆಯಾಗಿ ನೋಡುವುದು ಸಾಧ್ಯವಿಲ್ಲ, ಏಕೆಂದರೆ ನನ್ನ ಅಮ್ಮಮ್ಮ ಹುಟ್ಟಿ ಬೆಳೆದ ಊರು, ಅವಳ ತವರಿನ ಅಡಿಕೆ ತೋಟ, ಗದ್ದೆ ಎಲ್ಲವೂ ಆ ನೀರಿನ ಅಡಿಯಲ್ಲಿವೆ. 2025ರ ದಸರಾ ರಜೆಯಲ್ಲಿ ಅಮ್ಮಮ್ಮ, ಅಪ್ಪ, ಅಮ್ಮ, ಅಣ್ಣನ ಸಂಸಾರ ಮತ್ತು ನನ್ನ ಸಂಸಾರ ಒಟ್ಟಾಗಿ ಹೊರಟಾಗ, ಹಗಲನ್ನು ಜೋಗದಲ್ಲಿ ಕಳೆದು, ರಾತ್ರಿ ಹಿನ್ನೀರಿನ ದಂಡೆಯಲ್ಲಿ ಡೇರೆ ಹಾಕಿಕೊಂಡು ಇರುವುದೆಂದು ಗೊತ್ತುಮಾಡಿದ್ದು ಇದೇ ಕಾರಣಕ್ಕೆ.

ಅಮ್ಮಮ್ಮನಿಗೆ ಎಂಬತ್ತು ಹತ್ತಿರವಾಗಿದೆ, ಮಂಡಿನೋವೂ ಇದೆ. ಅವಳಿಗಾಗಿ ಸಾಗರದಲ್ಲಿ ಒಂದು ಕೋಣೆ ಹಿಡಿಯೋಣವೆಂದು ಅಪ್ಪ ಹೇಳಿದಾಗ ಅವಳು ಒಪ್ಪಲಿಲ್ಲ. "ಹಾಸಿಗೆ ಹೇಗಿದ್ದರೂ ಆಗ್ತದೆ, ನೀರಿನ ಹತ್ತಿರ ಮಲಗಿಸಿದರೆ ಸಾಕು" ಎಂದಳು. ಆ ಮಾತಿನ ಮೇಲೆ ಮತ್ತೆ ಯಾರೂ ಮಾತನಾಡಲಿಲ್ಲ.

ನಾವು ಜೋಗವನ್ನು ತಲುಪಿದಾಗ ಕಣಿವೆಯ ತುಂಬ ಮಂಜು ಕವಿದಿತ್ತು. ಅದು ಸರಿಯುತ್ತ ಬಂದಂತೆ ಎಡದಿಂದ ಬಲಕ್ಕೆ ರಾಜ, ರೋರರ್, ರಾಕೆಟ್, ರಾಣಿ ಒಂದೊಂದಾಗಿ ಕಾಣಿಸಿಕೊಂಡವು. ಬಂಡೆಯನ್ನು ಮುಟ್ಟದೆ 253 ಮೀಟರ್ ಆಳಕ್ಕೆ ನೇರವಾಗಿ ಬೀಳುವ ರಾಜನನ್ನು, ನಡುದಾರಿಯಲ್ಲಿ ಅದನ್ನು ಕೂಡಿಕೊಳ್ಳುವ ರೋರರ್ ಅನ್ನು, ಬಂಡೆಯಿಂದ ಬಂಡೆಗೆ ಚಿಮ್ಮುವ ರಾಕೆಟ್ ಅನ್ನು, ನೊರೆಯಾಗಿ ಮೆಲ್ಲನೆ ಇಳಿಯುವ ರಾಣಿಯನ್ನು ಮಕ್ಕಳು ಗುರುತು ಹಿಡಿದು ಹೇಳುತ್ತಿದ್ದರೆ, ಅಮ್ಮಮ್ಮ ಕಂಬಿ ಹಿಡಿದು ಬಹಳ ಹೊತ್ತು ಸುಮ್ಮನೆ ನಿಂತಿದ್ದಳು. ಆಮೇಲೆ, ತಾನು ಚಿಕ್ಕವಳಿದ್ದಾಗ ತಂದೆಯ ಜೊತೆ ಮಳೆಗಾಲದಲ್ಲಿ ಇಲ್ಲಿಗೆ ಬಂದಿದ್ದನ್ನು ಹೇಳಿದಳು. ಆ ದಿನ ನಾಲ್ಕು ಧಾರೆಗಳೆಂದು ಬಿಡಿಸಿ ನೋಡಲು ಆಗುತ್ತಲೇ ಇರಲಿಲ್ಲವಂತೆ. ಈ ಕಡೆಯಿಂದ ಆ ಕಡೆಯವರೆಗೂ ಒಂದೇ ನೀರು, ಪಕ್ಕದಲ್ಲಿ ನಿಂತವರ ಮಾತೂ ಕಿವಿಗೆ ಬೀಳದಷ್ಟು ಸದ್ದು. ದೊಡ್ಡ ಮಳೆ ಬಂದು ಅಣೆಕಟ್ಟಿನ ಗೇಟುಗಳನ್ನು ತೆರೆದಾಗ ಇಂದಿಗೂ ಜೋಗ ಆ ರೂಪವನ್ನು ತಾಳುತ್ತದೆ, ಆದರೆ ಈಗ ಅದು ಅಪರೂಪ. ಕೆಳಗೆ ಹೋಗುವ ಮೆಟ್ಟಿಲುಗಳು ಒದ್ದೆಯಾಗಿದ್ದುದರಿಂದ ನಾವು ಇಳಿಯಲಿಲ್ಲ.

ಮಧ್ಯಾಹ್ನ ಹಿನ್ನೀರಿನ ಕಡೆಗೆ ಹೋಗುವಾಗ ಅಪ್ಪ ಮಕ್ಕಳಿಗೆ ನೀರಿನ ದಾರಿಯನ್ನು ವಿವರಿಸುತ್ತ ಬಂದರು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಲಿಂಗನಮಕ್ಕಿಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಕಾಲುವೆಯಲ್ಲಿ ತಳಕಳಲೆ ಜಲಾಶಯಕ್ಕೆ ಹರಿದು, ದೊಡ್ಡ ಕೊಳವೆಗಳಲ್ಲಿ ಘಟ್ಟವಿಳಿದು, 1035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರದ ಚಕ್ರಗಳನ್ನು ತಿರುಗಿಸುತ್ತದೆ. ಆಮೇಲೆ ಗೇರುಸೊಪ್ಪೆಯನ್ನು ದಾಟಿ ಹೊನ್ನಾವರದಲ್ಲಿ ಕಡಲನ್ನು ಸೇರುತ್ತದೆ. ಹಾಗಾದರೆ ಜೋಗದಲ್ಲಿ ಬೀಳುವುದು ಉಳಿದ ನೀರು ಮಾತ್ರವೇ ಎಂದು ಅಣ್ಣನ ಮಗಳು ಕೇಳಿದಳು. ಇಷ್ಟು ವರ್ಷ ಜೋಗವನ್ನು ನೋಡುತ್ತ ಬಂದ ನನಗೂ ಅದನ್ನು ಅಷ್ಟು ನೇರವಾಗಿ ಕೇಳಬೇಕೆಂದು ತೋಚಿರಲಿಲ್ಲ.

ನಮ್ಮ ಡೇರೆಗಳು ಇದ್ದದ್ದು ಒಬ್ಬ ಕೃಷಿಕರ ತೋಟದ ಅಂಚಿನಲ್ಲಿ, ನೀರಿನಿಂದ ಸ್ವಲ್ಪ ಎತ್ತರದಲ್ಲಿ. ದಂಡೆಯ ಹುಲ್ಲಿನಲ್ಲಿ ಉಂಬಳಗಳು ಇನ್ನೂ ಇದ್ದವು. ಬೆಂಗಳೂರಿನಲ್ಲಿ ಬೆಳೆದ ಮಕ್ಕಳು ಮೊದಲು ಹೆದರಿದರೂ, ಅಮ್ಮಮ್ಮ ತನ್ನ ಕವಳದ ಸಂಚಿಯಿಂದ ಸುಣ್ಣ ತೆಗೆದು ಕಾಲಿಗೆ ಹಚ್ಚಿಕೊಟ್ಟ ಮೇಲೆ ಧೈರ್ಯವಾಗಿ ಓಡಾಡಿದರು. ಅಮ್ಮ ಮತ್ತು ಅತ್ತಿಗೆ ಕಟ್ಟಿಗೆ ಒಲೆಯ ಮೇಲೆ ಅನ್ನ, ಸಾರು ಮಾಡಿದರು. ಮನೆಯಿಂದ ತಂದಿದ್ದ ಪತ್ರೊಡೆಯನ್ನು ಬಿಸಿಮಾಡಿದರು. ಸಂಜೆಯ ಹೊತ್ತಿಗೆ ಅಮ್ಮಮ್ಮನ ಚಿಕ್ಕಪ್ಪನ ಮಗ ಕರೂರು ಸೀಮೆಯಿಂದ ಅವಳನ್ನು ನೋಡಲು ಬಂದರು. ಅವರ ಮನೆ ಗುಡ್ಡದ ಮೇಲಿದ್ದುದರಿಂದ ಮುಳುಗಡೆಯಾಗಲಿಲ್ಲ. ಆದರೆ ಸುತ್ತ ನೀರು ನಿಂತು ಆ ಸೀಮೆಯೇ ದ್ವೀಪದಂತಾಯಿತು. ಆರು ದಶಕ ಅಲ್ಲಿನವರು ರೋಗಿಗಳನ್ನೂ ಬಾಣಂತಿಯರನ್ನೂ ಸಾಗರಕ್ಕೆ ಕರೆತರಲು ಲಾಂಚಿಗಾಗಿ ಕಾದಿದ್ದಾರೆ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು ಅದೇ ವರ್ಷದ ಜುಲೈನಲ್ಲಿ. "ಈಗ ಕತ್ತಲಾದರೂ ಮನೆಗೆ ಹೋಗಬಹುದು ಅಕ್ಕಯ್ಯ" ಎಂದು ಅವರು ಹೇಳಿದರೂ ಆ ರಾತ್ರಿ ಹೋಗಲಿಲ್ಲ, ನಮ್ಮೊಂದಿಗೇ ಉಳಿದರು.

ಊಟವಾದ ಮೇಲೆ ಒಲೆಯ ಸುತ್ತ ಕುಳಿತಾಗ ಅವರಿಬ್ಬರ ಮಾತು ಮುಳುಗಡೆಯ ಕಾಲಕ್ಕೆ ಹೊರಳಿತು. ಲಿಂಗನಮಕ್ಕಿಯಲ್ಲಿ ನೀರು ನಿಲ್ಲಿಸಿದ್ದು 1964ರಲ್ಲಿ. ಅಮ್ಮಮ್ಮನ ಮನೆಯವರು ಅದಕ್ಕೆ ಸ್ವಲ್ಪ ಮೊದಲೇ ಊರು ಬಿಟ್ಟಿದ್ದರು. ಲಾರಿಯಲ್ಲಿ ಜಾಗ ಸಾಲದೆಂದು ಭತ್ತ ತುಂಬುವ ಪಣತವನ್ನು ಅಲ್ಲೇ ಬಿಟ್ಟದ್ದು, ಮಾರಲೂ ಆಗದೆ ಕರೆದೊಯ್ಯಲೂ ಆಗದೆ ಮುದಿ ಎಮ್ಮೆಯನ್ನು ನೆಂಟರ ಮನೆಯಲ್ಲಿ ಕಟ್ಟಿಬಂದದ್ದು, ಆ ವರ್ಷ ಫಸಲು ಬಿಟ್ಟಿದ್ದ ಅಡಿಕೆ ಮರಗಳನ್ನು ತಂದೆ ಕೊನೆಯ ಬಾರಿ ಮುಟ್ಟಿ ನೋಡಿದ್ದು, ಇವೆಲ್ಲವನ್ನೂ ಅಮ್ಮಮ್ಮ ಅಳದೆ, ಅವಸರವಿಲ್ಲದೆ ಹೇಳಿದಳು. ಒಂದೇ ಕೇರಿಯ ಜನ ಚೆದುರಿಹೋದರು; ಅವಳ ಮನೆಯವರು ಶಿವಮೊಗ್ಗದ ಬಳಿಯ ಕಾಡಂಚಿಗೆ ಬಂದರೆ, ತಂಗಿ ಮುಂದೆ ಮದುವೆಯಾಗಿ ಹೊಸನಗರದ ಕಡೆ ಹೋದಳು. ಹೊಸ ಜಾಗದಲ್ಲಿ ವರ್ಷಗಟ್ಟಲೆ ಚಿಮಣಿ ದೀಪವೇ ಗತಿಯಾಗಿತ್ತು ಎಂದು ಅವಳು ಹೇಳಿದಾಗ, ಹಗಲು ವಿದ್ಯುತ್ತಿನ ಪಾಠ ಕೇಳಿದ್ದ ಮಕ್ಕಳು ಅಪ್ಪನ ಮುಖ ನೋಡಿದರು. ನಾಡಿಗೆ ಬೆಳಕು ಕೊಟ್ಟ ಈ ಜನರಲ್ಲಿ ಎಷ್ಟೋ ಕುಟುಂಬಗಳು ಉಳುತ್ತಿರುವ ಭೂಮಿಯ ಹಕ್ಕಿಗಾಗಿ ಇಂದಿಗೂ ಅಲೆಯುತ್ತಿವೆ. ಇದಕ್ಕಿಂತ ದೊಡ್ಡ ಅನ್ಯಾಯ ನನಗೆ ನಮ್ಮ ಜಿಲ್ಲೆಯಲ್ಲಿ ಬೇರೆ ಕಾಣುವುದಿಲ್ಲ.

ಬೆಳಿಗ್ಗೆ ತೋಟದ ಮನೆಯವರ ದೋಣಿಯಲ್ಲಿ ಹೊರಟೆವು. ಅಮ್ಮಮ್ಮನನ್ನು ಅಣ್ಣ ಎತ್ತಿ ಕೂರಿಸಿದ. ಎಲ್ಲರೂ ಜೀವರಕ್ಷಕ ಜಾಕೆಟ್ ಹಾಕಿಕೊಂಡೆವು. ನೀರಿನ ಮೇಲೆ ಯಾವ ಗುರುತೂ ಇಲ್ಲವೆಂದು ನಾನು ಭಾವಿಸಿದ್ದೆ. ಆದರೆ ಅಮ್ಮಮ್ಮನೂ ಅವಳ ಚಿಕ್ಕಪ್ಪನ ಮಗನೂ ಗುಡ್ಡಗಳ ನೆತ್ತಿಯನ್ನೂ ಹಳ್ಳಗಳ ಬಾಯಿಯನ್ನೂ ನೋಡಿಯೇ ಊರನ್ನು ಹುಡುಕತೊಡಗಿದರು. ಒಂದು ಕಡೆ ದೋಣಿ ನಿಲ್ಲಿಸಿ ಅವರು ಇದೇ ನಿಮ್ಮ ತೋಟ ಎಂದರೆ, ಅಮ್ಮಮ್ಮ ಅಲ್ಲವೇ ಅಲ್ಲ, ತೋಟ ಹಳ್ಳದ ಆಚೆ, ಇದು ಗದ್ದೆಯ ಬಯಲು ಎಂದು ವಾದಿಸಿದಳು. ಕೊನೆಗೆ ಅವಳ ಮಾತೇ ಗೆದ್ದು ದೋಣಿ ಇನ್ನಷ್ಟು ಮುಂದೆ ಹೋಯಿತು. ನನ್ನ ಮಗ ನೀರೊಳಗೆ ಕೈಯಾಡಿಸುತ್ತ, ಅಡಿಕೆ ಮರಗಳು ಈಗಲೂ ಕೆಳಗೆ ಇವೆಯೇ ಎಂದು ಕೇಳಿದ. ಅಡಿಕೆ ಉಳಿಯುವುದಿಲ್ಲ, ಗಟ್ಟಿಜಾತಿಯ ಮರಗಳ ಬೊಡ್ಡೆಗಳು ಉಳಿದಿವೆ. ಬೇಸಿಗೆಯಲ್ಲಿ ನೀರು ಇಳಿದಾಗ ಅವು ಕಾಣುತ್ತವೆ, ನೀರು ತೀರಾ ಕಡಿಮೆಯಾದ ವರ್ಷ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟೂ ಎದ್ದು ನಿಲ್ಲುತ್ತದೆ ಎಂದು ಅವರು ಹೇಳಿದರು. ಲಿಂಗನಮಕ್ಕಿಗೂ ಮೊದಲು, 1948ರಲ್ಲಿ ಆರಂಭವಾದ ಮಹಾತ್ಮ ಗಾಂಧಿ ವಿದ್ಯುದಾಗಾರಕ್ಕೆ ನೀರು ಒದಗಿಸುತ್ತಿದ್ದ ಅಣೆಕಟ್ಟು ಅದು. ಈಗ ಅದೂ ಊರುಗಳೊಂದಿಗೆ ಮುಳುಗಿದೆ.

"ಹಾಗಾದರೆ ಮೇ ತಿಂಗಳಲ್ಲಿ ಬರೋಣ" ಎಂದು ಅಮ್ಮಮ್ಮ ಕೂಡಲೇ ಹೇಳಿದಳು. "ಹೊಸನಗರದ ತಂಗಿಯನ್ನೂ ಕರೆದುಕೊಂಡೇ ಬರಬೇಕು. ಬಾವಿ ಎಲ್ಲಿತ್ತು ಅಂತ ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು." ದಂಡೆಗೆ ಮರಳಿದೊಡನೆ ಅಪ್ಪ ತೋಟದ ಮನೆಯವರ ಬಳಿ ಮೇ ತಿಂಗಳಿಗೆ ಡೇರೆಗಳನ್ನು ಹೇಳಿಟ್ಟರು, ಈ ಬಾರಿಗಿಂತ ಒಂದು ಹೆಚ್ಚಾಗಿ.